ಗೋಡೆಯಿಲ್ಲದವನ ಅಪರಾಧ

ಮನುಷ್ಯನು ಒಂದು ಹಗಲು ಒಂದು ರಾತ್ರಿಯಲ್ಲಿ ಮಾಡುವ ಕೆಲಸಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇನ್ನೊಬ್ಬರು ನೋಡಬಾರದಂಥವು. ಮಲಗುವುದು, ಮೈ ತೊಳೆಯುವುದು, ಬಟ್ಟೆ ಬದಲಿಸುವುದು, ದೇಹಬಾಧೆ ತೀರಿಸಿಕೊಳ್ಳುವುದು, ಗಂಡಹೆಂಡಿರ ಜಗಳ, ಕೆಲವರಿಗೆ ಸಂಜೆಗೊಂದು ಗುಟುಕು. ಗಿರಗಾಂವದ ಚಾಳಿನ ಹತ್ತಡಿ ಹನ್ನೆರಡಡಿಯ ಖೋಲಿಯಲ್ಲಿ ಏಳೆಂಟು ಜನ ಇದ್ದುಕೊಂಡು ಇದನ್ನೆಲ್ಲ ಮಾಡಿದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅಲ್ಲಿ ಇಕ್ಕಟ್ಟು ಇತ್ತು, ಆದರೆ ಗೋಡೆಯೂ ಇತ್ತು. ಗೋಡೆ ಇಲ್ಲದವನು ಇವೇ ಕೆಲಸಗಳನ್ನು ರಸ್ತೆಯಲ್ಲಿ ಮಾಡುತ್ತಾನೆ. ಮಾಡಿದ ಕೂಡಲೇ ಅವಕ್ಕೆ ಬೇರೆ ಹೆಸರು ಬರುತ್ತದೆ: ಅಡಚಣೆ, ಉಪದ್ರವ, ಅಸಭ್ಯ ವರ್ತನೆ, ಅತಿಕ್ರಮಣ. ಕೆಲಸ ಅದೇ, ನಡುವಿನ ಗೋಡೆಯೊಂದು ಇಲ್ಲವಾಗಿದೆ, ಅಷ್ಟೇ.

ಹಾಗಿದ್ದರೆ ಮಹಾನಗರದ ಕಾನೂನು ಶಿಕ್ಷಿಸುವುದು ಮಾಡಿದ ಕೆಲಸವನ್ನೋ, ಗೋಡೆ ಇಲ್ಲದಿರುವುದನ್ನೋ? ಪ್ರಶ್ನೆ ತಾರ್ಕಿಕರ ಚಮತ್ಕಾರದಂತೆ ಕಂಡೀತು. ಆದರೆ ಫ್ಲೈಓವರಿನ ಕೆಳಗೆ ಮಲಗುವವನಿಗೆ ದಿನ ಬೆಳಗಾದರೆ ಎದುರಾಗುವ ಪ್ರಶ್ನೆ ಇದೇ. ಅವನ ಕೈಯಲ್ಲಿ ಬೆಳ್ಳಿ ಕಾಗದವೊಂದು, ಅದರ ಮೇಲೆ ಚಿಟಿಕೆ ಕಂದು ಪುಡಿ ಇದ್ದರಂತೂ ಕೇಳುವುದೇ ಬೇಡ. ಮುಂಬಯಿಯ ಬೀದಿ ಭಾಷೆಯಲ್ಲಿ ಅವನಿಗೆ ಗರ್ದುಲ್ಲಾ ಎಂಬ ಒಂದೇ ಹೆಸರು. ಅದನ್ನು ಉಚ್ಚರಿಸಿದ ಮೇಲೆ ಅವನಿಗೊಂದು ಊರಿದೆ, ತಾಯಿಯಿದ್ದಾಳೆ ಎಂಬ ಯೋಚನೆ ಬರುವುದು ಕಷ್ಟ. ಹದಿನಾಲ್ಕನೆಯ ಮಾಳಿಗೆಯ ಫ್ಲ್ಯಾಟಿನಲ್ಲಿ ಅದೇ ಚಟಕ್ಕೆ ಬಿದ್ದ ಹುಡುಗನಿಗೆ ಬೇರೆ ಮಾತಿದೆ. ಅವನು 'ಡಿಪ್ರೆಶನ್‌ನಲ್ಲಿದ್ದಾನೆ', 'ಕೆಟ್ಟ ಸಹವಾಸಕ್ಕೆ ಬಿದ್ದ', 'ಲೋಣಾವಳಾದ ಕಡೆ ಒಂದು ಸೆಂಟರಿನಲ್ಲಿ ಇಟ್ಟಿದ್ದಾರೆ'. ಅವನ ಮನೆಯವರ ದುಃಖ ಕಡಿಮೆಯದೆಂದು ನಾವು ಹೇಳುತ್ತಿಲ್ಲ. ಅವನ ಪಾಲಿಗೆ ರೋಗವಾದದ್ದು ಇವನ ಪಾಲಿಗೆ ಗುನ್ಹೆಯಾಗುವುದು ಹೇಗೆ ಎಂಬುದಷ್ಟೇ ನಮ್ಮ ವಿಚಾರ.

ಮೊದಲು ಬಡತನದ ಕಾನೂನನ್ನು ನೋಡೋಣ. 1959ರ ಮುಂಬಯಿ ಭಿಕ್ಷಾಟನೆ ಪ್ರತಿಬಂಧಕ ಕಾಯಿದೆಯನ್ನು ಓದಿದವರು ನಮ್ಮಲ್ಲಿ ಕಡಿಮೆ, ಓದುವಂಥದ್ದಂತೂ ಹೌದು. ಕೈಚಾಚಿ ಬೇಡುವವನು ಮಾತ್ರ ಅದರ ಪ್ರಕಾರ ಭಿಕ್ಷುಕನಲ್ಲ. ಹಾಡಿ, ಕುಣಿದು, ಭವಿಷ್ಯ ಹೇಳಿ, ಆಟ ತೋರಿಸಿ, ಏನಾದರೊಂದು ಸಾಮಾನನ್ನು ಮಾರುವ ನೆಪದಲ್ಲಿ ದುಡ್ಡು ಪಡೆಯುವವನೂ ಭಿಕ್ಷುಕನೇ. ನಮ್ಮ ಬುಡಬುಡಿಕೆಯವನು, ಕೋಲೆಬಸವನನ್ನು ಹೊಡೆದುಕೊಂಡು ಬರುವವನು, ಚೌಡಿಕೆ ಹಿಡಿದ ಜೋಗತಿ, ಗೊಂದಲಿಗರು ಎಲ್ಲರೂ ವಿಟಿ ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ಈ ಕಾಯಿದೆಯ ಬಲೆಯೊಳಗೆ ಬಂದರು. ಇಷ್ಟಕ್ಕೇ ಮುಗಿಯಲಿಲ್ಲ. ಬದುಕಲು ಕಣ್ಣಿಗೆ ಕಾಣುವ ಆಧಾರವಿಲ್ಲದೆ, ಭಿಕ್ಷೆಯಿಂದಲೇ ಜೀವಿಸುತ್ತಿರಬಹುದೆನ್ನಿಸುವ ಸ್ಥಿತಿಯಲ್ಲಿ ಸಾರ್ವಜನಿಕ ಸ್ಥಳದಲ್ಲಿ ಅಲೆಯುವುದೂ ಭಿಕ್ಷಾಟನೆಯೇ! ಅಂದರೆ ಯಾರ ಎದುರಿಗೂ ಕೈ ಚಾಚದೆಯೇ, ಬರಿಯ ಮಾಸಿದ ಬಟ್ಟೆಯ ಬಲದಿಂದಲೇ ಒಬ್ಬನು ಅಪರಾಧಿಯಾಗಬಹುದು. ಹಿಡಿಯಲು ವಾರಂಟು ಬೇಕಿಲ್ಲ. ಮೊದಲ ಸಲ ಸಿಕ್ಕಿದರೆ ಒಂದರಿಂದ ಮೂರು ವರ್ಷದವರೆಗೆ, ಪದೇ ಪದೇ ಸಿಕ್ಕಿದರೆ ಹತ್ತು ವರ್ಷಗಳವರೆಗೆ ಭಿಕ್ಷುಕರ ಗೃಹದಲ್ಲಿ ಬಂಧನ. ಸಣ್ಣಪುಟ್ಟ ಕಳವಿಗೆ ನಮ್ಮ ಕೋರ್ಟುಗಳು ಇಷ್ಟು ಶಿಕ್ಷೆ ಕೊಡುವುದು ಅಪರೂಪ.

ವಿಚಿತ್ರವೆಂದರೆ ಇದು ಭಿಕ್ಷೆಯನ್ನು ಹೀನವೆಂದು ಎಣಿಸಿದ ನಾಡಲ್ಲ. ಉಪನಯನದ ದಿನ ಮಗ ಮೊದಲು ಬೇಡುವುದು ತಾಯಿಯ ಹತ್ತಿರ. ಧಾರವಾಡ ಮೈಸೂರುಗಳಲ್ಲಿ ಓದಿ ದೊಡ್ಡವರಾದ ಎಷ್ಟು ಜನ ವಾರಾನ್ನದಿಂದ ಬೆಳೆದರು ಎಂಬುದು ನಮ್ಮ ಹಿರಿಯರಿಗೆ ಗೊತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಮಠಗಳಲ್ಲಿ ದಾಸೋಹಕ್ಕೆ ಕುಳಿತವನನ್ನು ನಿನ್ನ ಆದಾಯವೇನು ಎಂದು ಕೇಳಿದ್ದಿಲ್ಲ. ಜೋಳಿಗೆಗೆ ಒಂದು ಮರ್ಯಾದೆ ಇತ್ತು. ಆ ವ್ಯವಸ್ಥೆಯನ್ನು ತಲೆಯ ಮೇಲೆ ಹೊತ್ತು ಕುಣಿಯಬೇಕಾಗಿಲ್ಲ, ಯಾವ ಜಾತಿಯವನಿಗೆ ಯಾವ ಜಗುಲಿಯವರೆಗೆ ಪ್ರವೇಶವಿತ್ತು ಎಂಬುದೂ ನಮಗೆ ಗೊತ್ತಿದೆ. ಆದರೆ ಹಸಿದವನು ಬಾಗಿಲಿಗೆ ಬಂದರೆ ಅಪರಾಧವಾಯಿತು ಎಂಬ ಕಲ್ಪನೆ ಮಾತ್ರ ಆಗ ಇರಲಿಲ್ಲ.

2018ರ ಆಗಸ್ಟಿನಲ್ಲಿ ದಿಲ್ಲಿಯ ಉಚ್ಚ ನ್ಯಾಯಾಲಯವು ಈ ಕಾಯಿದೆಯ ಮುಖ್ಯ ಕಲಮುಗಳು ದಿಲ್ಲಿಯ ಮಟ್ಟಿಗೆ ಸಂವಿಧಾನಕ್ಕೆ ವಿರುದ್ಧವೆಂದು ತೆಗೆದುಹಾಕಿತು. ಮುಂಬಯಿಯ ಕಾಯಿದೆಯನ್ನೇ ದಿಲ್ಲಿಗೂ ಅನ್ವಯಿಸಿದ್ದರು. ಜನ ಬೇಡುವುದು ಚಟಕ್ಕಲ್ಲ, ಬೇರೆ ದಾರಿ ಇಲ್ಲದೆ. ಅನ್ನ ವಸತಿ ಕೊಡಲಾರದ ಸರಕಾರವು ಅವು ಇಲ್ಲದವನನ್ನೇ ಅಪರಾಧಿ ಎನ್ನುವುದು ಹೇಗೆ ಎಂಬುದು ಆ ತೀರ್ಪಿನ ತಿರುಳು. ಆದರೆ ದಿಲ್ಲಿಯ ತೀರ್ಪು ದಿಲ್ಲಿಗೆ. ಮುಂಬಯಿಗೆ ಅದು ತಾನಾಗಿ ಅನ್ವಯಿಸುವುದಿಲ್ಲ.

ನಮ್ಮ ಕರ್ನಾಟಕ ಈ ವಿಷಯದಲ್ಲಿ ಬೇರೆಯಾಗಿದೆ ಎಂದು ಯಾರೂ ತಿಳಿಯಬೇಕಿಲ್ಲ. ಅಲ್ಲಿಯೂ 1975ರ ಭಿಕ್ಷಾಟನೆ ನಿಷೇಧ ಕಾಯಿದೆ ಇದೆ. ಊರಿನಲ್ಲಿ ಮನೆ ಉಳಿಸಿಕೊಂಡವರು ಆಸ್ತಿ ತೆರಿಗೆಯ ರಸೀದಿಯನ್ನು ಒಮ್ಮೆ ತೆಗೆದು ನೋಡಬೇಕು. ಭಿಕ್ಷುಕರ ಕರ ಎಂದು ನೂರಕ್ಕೆ ಮೂರರಂತೆ ಒಂದು ಬಾಬು ಅದರಲ್ಲಿರುತ್ತದೆ. ಭಿಕ್ಷೆ ಹಾಕದವರೂ ಹಾಗೆ ವರ್ಷಕ್ಕೊಮ್ಮೆ ಹಾಕಿದ ಹಾಗಾಯಿತು. ಆ ಹಣ ಎಲ್ಲಿಗೆ ಹೋಗುತ್ತದೆಂದು ನಾಡಿಗೆ ನೆನಪಾದದ್ದು 2010ರ ಆಗಸ್ಟಿನಲ್ಲಿ. ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅವರನ್ನು ರಸ್ತೆಯಿಂದ ಎತ್ತಿಕೊಂಡು ಹೋದದ್ದು ಅವರ ಒಳ್ಳೆಯದಕ್ಕೆಂದೇ. ಕೇಂದ್ರದ ಹೆಸರಿನಲ್ಲಿಯೇ ಪರಿಹಾರವಿತ್ತು.

ಇನ್ನು 1985. ಈ ಒಂದು ವರ್ಷದಲ್ಲಿ ನಮ್ಮ ಕಾನೂನು ಬೀದಿಯ ಮನುಷ್ಯನಿಗೆ ಎರಡು ಮಾತು ಹೇಳಿತು. ಮೊದಲನೆಯದು ಜುಲೈ ತಿಂಗಳಲ್ಲಿ, ಸರ್ವೋಚ್ಚ ನ್ಯಾಯಾಲಯದಿಂದ. 1981ರ ಮಳೆಗಾಲದಲ್ಲಿ ಅಂತುಲೆಯವರ ಸರಕಾರ ಮುಂಬಯಿಯ ಫುಟ್‌ಪಾತ್ ವಾಸಿಗಳನ್ನು ಎಬ್ಬಿಸಲು ಹೊರಟಾಗ ಹೂಡಿದ ದಾವೆ ಅದು. ಓಲ್ಗಾ ಟೆಲಿಸ್ ಪ್ರಕರಣವೆಂದು ಪ್ರಸಿದ್ಧ. ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದು ಮುಖ್ಯ ನ್ಯಾಯಾಧೀಶ ವೈ. ವಿ. ಚಂದ್ರಚೂಡರ ಪೀಠ ಹೇಳಿತು. ಕಾನೂನಿನ ವಿದ್ಯಾರ್ಥಿಗಳು ಈ ಭಾಗವನ್ನು ಬಾಯಿಪಾಠ ಮಾಡುತ್ತಾರೆ. ಅದೇ ತೀರ್ಪಿನ ಇನ್ನೊಂದು ಭಾಗ, ಫುಟ್‌ಪಾತು ನಡೆಯುವವರಿಗಾಗಿ ಇರುವುದು, ಅಲ್ಲಿ ಮನೆ ಕಟ್ಟುವ ಹಕ್ಕು ಯಾರಿಗೂ ಇಲ್ಲ, ಮಳೆಗಾಲ ಕಳೆದ ಮೇಲೆ ಎಬ್ಬಿಸಬಹುದು ಎಂಬುದು. ಹೊಗಳಿಕೆ ಮೊದಲ ಭಾಗಕ್ಕೆ ಬಂತು, ಫುಟ್‌ಪಾತಿನವರ ಪಾಲಿಗೆ ಬಂದದ್ದು ಎರಡನೆಯದು.

ಎರಡನೆಯ ಮಾತು ಅದೇ ವರ್ಷ ನವೆಂಬರಿನಲ್ಲಿ ಜಾರಿಗೆ ಬಂದ ಮಾದಕ ದ್ರವ್ಯಗಳ ಕಾಯಿದೆ. ಎನ್‌ಡಿಪಿಎಸ್ ಎಂದು ಪತ್ರಿಕೆಗಳಲ್ಲಿ ದಿನವೂ ಬರುವ ಹೆಸರು. ಅದಕ್ಕೆ ಕೆಲವೇ ವರ್ಷ ಮೊದಲು, ಎಂಬತ್ತರ ದಶಕದ ಆರಂಭದಲ್ಲಿ, ಬ್ರೌನ್ ಶುಗರ್ ನಮ್ಮ ಮಹಾನಗರಗಳಿಗೆ ಇಳಿದಿತ್ತು. ಅಫೀಮಿನಿಂದ ಆದ, ಶುದ್ಧವಲ್ಲದ ಹೆರಾಯಿನ್ ಅದು. ಊರಿನ ಭಂಗಿ, ಗಾಂಜಾ ಕಂಡಿದ್ದ ನಮ್ಮ ಜನಕ್ಕೆ ಇದು ಇನ್ನೊಂದು ಜಾತಿಯದೆಂದು ತಿಳಿಯಲು ತಡವಾಯಿತು.

ಇದರ ಸ್ವಭಾವವನ್ನು ತಿಳಿಯದೆ ನ್ಯಾಯ ಅನ್ಯಾಯದ ಮಾತಾಡುವುದು ವ್ಯರ್ಥ. ಕೆಲವು ವಾರ ಸತತವಾಗಿ ಸೇದಿದವನಿಗೆ ಸುಖ ಮುಗಿದುಹೋಗುತ್ತದೆ. ಆಮೇಲೆ ಸೇದುವುದು ಹೆಚ್ಚಾಗಿ ನೋವು ಬರದಿರಲೆಂದು. ಕೊನೆಯ ಪುಡಿ ಮುಗಿದು ಆರರಿಂದ ಹನ್ನೆರಡು ಗಂಟೆಯೊಳಗೆ ಕಣ್ಣು ಮೂಗಿನಲ್ಲಿ ನೀರು, ಆಕಳಿಕೆ, ಮೈಕೈ ನುಲಿತ, ವಾಂತಿ, ಭೇದಿ, ಚಳಿ. ಎರಡು ಮೂರನೆಯ ದಿನ ಅದು ತುತ್ತತುದಿಗೆ ಹೋಗುತ್ತದೆ, ವಾರದ ಹೊತ್ತಿಗೆ ಇಳಿಯುತ್ತದೆ. ಈ ವಾರವನ್ನು ಒಂದು ಮಂಚ, ಒಂದು ಕಕ್ಕಸು, ಬಿಸಿ ಗಂಜಿ ಕೊಡುವ ಒಂದು ಕೈ ಇದ್ದರೆ ದಾಟಬಹುದು. ಕಾಲುದಾರಿಯಲ್ಲಿ ಭೇದಿಯಾಗುತ್ತಿರುವವನು ಎಲ್ಲಿಗೆ ಹೋಗಬೇಕು? ಸುಲಭ ಶೌಚಾಲಯಕ್ಕೂ ದುಡ್ಡು ಬೇಕು. ಅವನಿಗೆ ಗೊತ್ತಿರುವ ಅತ್ಯಂತ ಹತ್ತಿರದ ಔಷಧವೆಂದರೆ ಮತ್ತೊಂದು ಪುಡಿ. ಗುಟ್ಟೇನೂ ಇಲ್ಲ, ನಾವು ಹೆದರುವ ಮೊಬೈಲು ಕಳವು, ಮ್ಯಾನ್‌ಹೋಲ್ ಮುಚ್ಚಳದ ಕಳವು ಹುಟ್ಟುವುದು ಬಹುಮಟ್ಟಿಗೆ ಈ ಆರರಿಂದ ಹನ್ನೆರಡು ಗಂಟೆಯೊಳಗೆ.

ಸೇವನೆಯೇ ಅಪರಾಧವೆನ್ನುವ ಕಾಯಿದೆಗೂ ಇದು ಗೊತ್ತಿಲ್ಲದೆ ಇಲ್ಲ. ಹೆರಾಯಿನ್ ಸೇವಿಸಿದವನಿಗೆ ಒಂದು ವರ್ಷದವರೆಗೆ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಆದರೆ ಚಟಕ್ಕೆ ಬಿದ್ದವನು ತಾನಾಗಿ ಮುಂದೆ ಬಂದು ಸರಕಾರ ಮನ್ನಿಸಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಖಟ್ಲೆ ನಡೆಸಬಾರದೆಂದು 64ಎ ಎಂಬ ಕಲಮಿದೆ. 2001ರ ತಿದ್ದುಪಡಿಯಿಂದ ಪ್ರಮಾಣದ ಮೇಲೆ ಶಿಕ್ಷೆಯಾಯಿತು: ಹೆರಾಯಿನ್ 5 ಗ್ರಾಮಿನವರೆಗೆ ಅಲ್ಪ, 250 ಗ್ರಾಮು ದಾಟಿದರೆ ವ್ಯಾಪಾರಿ ಪ್ರಮಾಣ. ಸೇದುವವನನ್ನೂ ಮಾರುವವನನ್ನೂ ಬೇರೆ ಮಾಡಬೇಕೆಂಬ ಉದ್ದೇಶ ಒಳ್ಳೆಯದು. ಆದರೆ ತಾನಾಗಿ ಮುಂದೆ ಬರುವುದು ಎಂದರೆ ಏನು? ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಮೊದಲು ಕೇಳುವುದು ವಿಳಾಸ, ಆಮೇಲೆ ಜೊತೆಗೆ ಬಂದವರು ಯಾರು ಎಂದು. ಫ್ಲ್ಯಾಟಿನ ಹುಡುಗನಿಗೆ ಎರಡಕ್ಕೂ ಉತ್ತರವಿದೆ. ಹೀಗೆ ಎಲ್ಲರಿಗೂ ತೆರೆದಿಟ್ಟ ಬಾಗಿಲಿನೊಳಗೆ ಗೋಡೆಯಿದ್ದವನೇ ಹೋಗುತ್ತಾನೆ.

2019ರಲ್ಲಿ ಕೇಂದ್ರ ಸರಕಾರಕ್ಕಾಗಿ ದಿಲ್ಲಿಯ ಏಮ್ಸ್ ಸಂಸ್ಥೆ ಮಾಡಿದ ಸಮೀಕ್ಷೆಯ ಅಂದಾಜಿನಂತೆ ಅಫೀಮಿನ ಜಾತಿಯ ಅಮಲುಗಳಿಂದ ತೊಂದರೆಗೊಳಗಾಗಿ ಸಹಾಯ ಬೇಕಾದವರು ದೇಶದಲ್ಲಿ ಸುಮಾರು 77 ಲಕ್ಷ. ಕಾನೂನುಬಾಹಿರ ಅಮಲುಗಳ ಚಟಕ್ಕೆ ಸಿಕ್ಕಿದವರಲ್ಲಿ ಆಸ್ಪತ್ರೆ ಸೇರಿ ಚಿಕಿತ್ಸೆ ಪಡೆದವರು ಇಪ್ಪತ್ತರಲ್ಲಿ ಒಬ್ಬರು. ಉಳಿದ ಹತ್ತೊಂಬತ್ತರಲ್ಲಿ ನಮ್ಮ ಕಣ್ಣಿಗೆ ಬೀಳುವವರು ಬೀದಿಯಲ್ಲಿರುವ ಕೆಲವರು ಮಾತ್ರ.

ಈಗ ಪೋಲೀಸರ ಕಡೆಯಿಂದಲೂ ನೋಡಬೇಕು. ಪೋಲೀಸರನ್ನು ಬಯ್ಯುವುದು ನಮ್ಮಂಥವರಿಗೆ ಸುಲಭವಾದ ಸದ್ಗುಣ. ರಾತ್ರಿ ಪಾಳಿಯ ಹವಾಲ್ದಾರನ ಎದುರಿಗೆ ಅರೆಪ್ರಜ್ಞೆಯ ಮನುಷ್ಯನೊಬ್ಬ ಬಿದ್ದಿದ್ದಾನೆ. ಅವನಿಗೆ ಮೂರು ದಾರಿ. ಲಾಠಿಯಿಂದ ತಟ್ಟಿ ಎಬ್ಬಿಸಿ ಮುಂದಿನ ಠಾಣೆಯ ಸರಹದ್ದಿಗೆ ಅಟ್ಟುವುದು, ಹಿಡಿದು ಖಟ್ಲೆ ಹಾಕುವುದು, ಆಸ್ಪತ್ರೆಗೆ ಕರೆದೊಯ್ಯುವುದು. ಎರಡನೆಯದಕ್ಕೆ ಪಂಚನಾಮೆ, ಪುಡಿಯ ಪರೀಕ್ಷೆ, ವರ್ಷಾನುಗಟ್ಟಲೆ ಕೋರ್ಟಿನ ತಾರೀಖು. ಮೂರನೆಯದಕ್ಕೆ ಆಸ್ಪತ್ರೆಯ ಬಾಗಿಲಲ್ಲಿ ಬೆಳಗಿನವರೆಗೆ ಕಾವಲು. ಮೊದಲನೆಯದಕ್ಕೆ ಐದು ನಿಮಿಷ. ಮೇಲಾಗಿ ಸಾಹೇಬರ ಮೇಜಿನ ಮೇಲೆ ನಮ್ಮ ಸೊಸಾಯಿಟಿಯ ಅರ್ಜಿ ಇದೆ, ಅದರಲ್ಲಿ 'ತೆಗೆಸಬೇಕು' ಎಂದು ಬರೆದಿದೆ. ಗುಣಪಡಿಸಬೇಕೆಂದು ಬರೆದಿಲ್ಲ. ಹವಾಲ್ದಾರನು ಅರ್ಜಿಯನ್ನು ಅಕ್ಷರಶಃ ಪಾಲಿಸುತ್ತಾನೆ. ಆ ಮನುಷ್ಯ ಮುಂದಿನ ಓಣಿಯ ಸೊಸಾಯಿಟಿಯ ಎದುರಿಗೆ ಹೋಗಿ ಮಲಗುತ್ತಾನೆ. ಅವರೂ ಅರ್ಜಿ ಬರೆಯುತ್ತಾರೆ.

2017ರ ಮಾನಸಿಕ ಆರೋಗ್ಯ ಕಾಯಿದೆ ಈ ಮೂರನೆಯ ದಾರಿಯನ್ನು ಪೋಲೀಸರ ಕರ್ತವ್ಯವನ್ನಾಗಿಯೇ ಮಾಡಿದೆ. ಮನೋರೋಗದಿಂದ ತನ್ನನ್ನು ತಾನು ನೋಡಿಕೊಳ್ಳಲಾರದೆ ಅಲೆಯುತ್ತಿರುವವನನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಸರಕಾರಿ ಆಸ್ಪತ್ರೆಗೆ ಒಯ್ಯಬೇಕು, ಲಾಕಪ್ಪಿನಲ್ಲಿ ಇಡಕೂಡದು. ಅಮಲಿನ ಚಟದಿಂದ ಬಂದ ಮಾನಸಿಕ ಸ್ಥಿತಿಗಳೂ ಆ ಕಾಯಿದೆಯ ವ್ಯಾಖ್ಯೆಯೊಳಗೆ ಬರುತ್ತವೆ. ಇದನ್ನು ತಿಳಿದು ಅರ್ಜಿ ಬರೆದ ಸೊಸಾಯಿಟಿಯ ಕಾರ್ಯದರ್ಶಿ ಒಬ್ಬರಾದರೂ ಇದ್ದರೆ ಅವರಿಗೆ ನಮ್ಮ ನಮಸ್ಕಾರ.

ಇಷ್ಟೆಲ್ಲ ಹೇಳಿದರೂ ನಿವಾಸಿಗಳ ಭಯ ಸುಳ್ಳೆಂದು ಹೇಳಲಾಗದು. ರಾತ್ರಿ ಹತ್ತಕ್ಕೆ ಕಡೆಯ ಕ್ಲಾಸು ಮುಗಿಸಿ ಸ್ಕೈವಾಕಿನ ಮೇಲೆ ಬರುವ ಮಗಳ ದಾರಿ ಕಾಯುವ ತಾಯಿಗೆ ಕರುಣೆಯ ಉಪನ್ಯಾಸ ಕೊಡುವುದು ಅನ್ಯಾಯ. ಚಾಕು ತೋರಿಸಿ ಸರ ಕಿತ್ತವನು ಕಳ್ಳನೇ, ಅವನ ಹಸಿವು ಅವನ ವಕೀಲನ ವಾದವಾಗಬಹುದು, ಕ್ಷಮಾಪತ್ರವಾಗಲಾರದು. ಇನ್ನೊಂದು ಮಾತು ಇದೆ, ಅದನ್ನು ನಾವು ಮರೆಯುತ್ತೇವೆ: ಬೀದಿಯ ದುಷ್ಟತನಕ್ಕೆ ಮೊದಲು ತುತ್ತಾಗುವುದು ಬೀದಿಯವರೇ. ಫುಟ್‌ಪಾತಿನಲ್ಲಿ ಮಲಗುವ ಹೆಂಗಸು ಇಡೀ ರಾತ್ರಿ ಅರ್ಧ ಎಚ್ಚರದಲ್ಲಿರುತ್ತಾಳೆ. ಅವಳ ಮಗುವಿನ ಕೈಗೆ ಪಂಕ್ಚರು ಹಚ್ಚುವ ಸೊಲ್ಯೂಷನ್ನಿನ ಟ್ಯೂಬನ್ನು ಇಟ್ಟವನು ಎಲ್ಲಿಂದಲೋ ಬಂದವನಲ್ಲ, ಅದೇ ಫ್ಲೈಓವರಿನವನು. ಪೋಲೀಸರ ಅಗತ್ಯ ಅವಳಿಗೆ ನಮಗಿಂತ ಹೆಚ್ಚು. ಆದರೆ ಅವಳು ಠಾಣೆಯ ಮೆಟ್ಟಿಲು ಹತ್ತುವುದಿಲ್ಲ, ಏಕೆಂದರೆ 1959ರ ಕಾಯಿದೆಯಂತೆ ಅವಳೇ ಆರೋಪಿ. ದೂರು ಕೊಡಲು ಹೋದವಳು ಚೆಂಬೂರಿನ ಭಿಕ್ಷುಕರ ಗೃಹ ಸೇರಿದರೆ ಏನು ಗತಿ? ಬಡತನವನ್ನು ಅಪರಾಧ ಮಾಡಿದ ಕಾನೂನು ಹೀಗೆ ನಿಜವಾದ ಅಪರಾಧಿಗೆ ಮರೆಯಾಗಿ ನಿಲ್ಲುತ್ತದೆ.

ಬಲವಂತದಿಂದ ಒಬ್ಬನನ್ನು ಉದ್ಧಾರ ಮಾಡಬಹುದೇ? ಮಗ ಕೆಟ್ಟ ದಾರಿ ಹಿಡಿದಾಗ ಕೋಣೆಯೊಳಗೆ ಕೂಡಿಹಾಕಿದ ತಂದೆಯನ್ನು ನಮ್ಮಲ್ಲಿ ಯಾರೂ ಕ್ರೂರಿ ಎನ್ನುವುದಿಲ್ಲ. ಸರಕಾರವನ್ನೂ ತಂದೆಯ ಸ್ಥಾನದಲ್ಲಿಟ್ಟು ಹಾಗೇ ಮಾಡಲಿ ಎನ್ನುವವರಿದ್ದಾರೆ. ಪ್ರಾಣ ಹೋಗುವ ಸ್ಥಿತಿಯಲ್ಲಿರುವವನನ್ನು ಅವನ ಒಪ್ಪಿಗೆ ಕಾಯದೆ ಎತ್ತಿಕೊಂಡು ಹೋಗುವುದು ಸರಿಯೆಂದೇ ನಮ್ಮ ಅಭಿಪ್ರಾಯ. ಅದಕ್ಕೆ ಮೇಲೆ, ತಿಂಗಳು ವರ್ಷಗಳ ಲೆಕ್ಕದಲ್ಲಿ ಬಾಗಿಲು ಹಾಕಿ ಇಡುವುದನ್ನು ಒಪ್ಪಲಾಗದು. ತತ್ತ್ವದ ಮಾತು ಹಾಗಿರಲಿ, ವೈದ್ಯಕೀಯದ ಲೆಕ್ಕವೇ ಇದಕ್ಕೆ ವಿರುದ್ಧ. ಕೆಲವು ತಿಂಗಳು ಪುಡಿ ಇಲ್ಲದೆ ಇದ್ದವನ ಮೈ ಹಿಂದಿನ ಪ್ರಮಾಣವನ್ನು ತಡೆಯುವ ಶಕ್ತಿ ಕಳೆದುಕೊಂಡಿರುತ್ತದೆ. ಜೇಲಿನಿಂದಲೋ ಕೇಂದ್ರದಿಂದಲೋ ಬಿಡುಗಡೆಯಾಗಿ, ಹೋಗಲು ಬೇರೆ ಜಾಗವಿಲ್ಲದೆ ಅದೇ ಫ್ಲೈಓವರಿಗೆ ಮರಳಿ, ಅದೇ ಗೆಳೆಯರ ಜೊತೆ ಹಳೆಯ ಲೆಕ್ಕದಲ್ಲಿ ಸೇದಿದರೆ ಉಸಿರೇ ನಿಲ್ಲಬಹುದು. ಬಿಡುಗಡೆಯ ಮೊದಲ ವಾರಗಳೇ ಅತ್ಯಂತ ಅಪಾಯದ ವಾರಗಳೆಂದು ವೈದ್ಯರು ಹೇಳುತ್ತಾರೆ. ತಂದೆ ಮಗನನ್ನು ಕೂಡಿಹಾಕಿದರೆ ಬಾಗಿಲು ತೆರೆದ ದಿನ ಮಗ ಅಡಿಗೆಮನೆಗೆ ಬರುತ್ತಾನೆ, ತಾಯಿ ತಟ್ಟೆ ಇಡುತ್ತಾಳೆ. ಸರಕಾರದ ಬಾಗಿಲು ತೆರೆದರೆ ಎದುರಿಗಿರುವುದು ರಸ್ತೆ.

ಇನ್ನೊಂದು ರೀತಿಯ ಚಿಕಿತ್ಸೆಯೂ ಇದೆ. ಬ್ಯುಪ್ರೆನಾರ್ಫಿನ್ ಎಂಬ ಮಾತ್ರೆಯನ್ನು ದಿನಕ್ಕೊಮ್ಮೆ ಕೇಂದ್ರಕ್ಕೆ ಬಂದು ನರ್ಸಿನ ಎದುರಿಗೆ ನಾಲಿಗೆಯ ಕೆಳಗೆ ಇಟ್ಟುಕೊಳ್ಳಬೇಕು. ಅಷ್ಟರಿಂದ ಮೈ ನುಲಿತ ನಿಲ್ಲುತ್ತದೆ, ಕಳವಿನ ಅವಸರವೂ ನಿಲ್ಲುತ್ತದೆ. ಏಡ್ಸ್ ನಿಯಂತ್ರಣದ ಸರಕಾರಿ ಯೋಜನೆಯಲ್ಲಿ ಸೂಜಿ ಚುಚ್ಚಿಕೊಳ್ಳುವವರಿಗೆ ಇದನ್ನು ಪುಕ್ಕಟೆ ಕೊಡುತ್ತಾರೆ. ಒಂದು ಚಟಕ್ಕೆ ಇನ್ನೊಂದು ಚಟವೇ ಎಂದು ಮೂಗು ಮುರಿಯುವವರಿಗೆ ನಾವು ಹೇಳುವುದಿಷ್ಟೆ: ಸಕ್ಕರೆ ಕಾಯಿಲೆಯವರು ದಿನವೂ ಇನ್ಸುಲಿನ್ ಚುಚ್ಚಿಕೊಳ್ಳುವುದಕ್ಕೆ ಚಟವೆಂದು ಯಾರೂ ಹೆಸರಿಟ್ಟಿಲ್ಲ. ಆದರೆ ದಿನವೂ ಬರಬೇಕಾದವನು ಇಂದು ಎಲ್ಲಿ ಮಲಗಿದ್ದಾನೋ ನಾಳೆಯೂ ಅದರ ಆಸುಪಾಸಿನಲ್ಲೇ ಇರಬೇಕು. ಎಬ್ಬಿಸಿ ಅಟ್ಟಿದರೆ ಮಾತ್ರೆ ತಪ್ಪುತ್ತದೆ.

ಎಲ್ಲ ದಾರಿಯೂ ಹೀಗೆ ಸೂರಿನ ಹತ್ತಿರ ಬಂದು ನಿಲ್ಲುತ್ತದೆ. 2011ರ ಜನಗಣತಿಯಲ್ಲಿ ದೇಶದ ನಗರಗಳಲ್ಲಿ ಮನೆಯಿಲ್ಲದವರೆಂದು ಬರೆದುಕೊಂಡದ್ದು 9 ಲಕ್ಷ 38 ಸಾವಿರ ಜನರನ್ನು. ಒಂದು ಲಕ್ಷ ಜನಸಂಖ್ಯೆಗೆ ನೂರು ಮಂದಿ ಮಲಗುವ ಒಂದು ಶಾಶ್ವತ ವಸತಿಗೃಹ ಇರಬೇಕೆಂಬುದು 2013ರಲ್ಲಿ ಆರಂಭವಾದ ಕೇಂದ್ರದ ನಗರ ಜೀವನೋಪಾಯ ಯೋಜನೆಯ ಅಳತೆ. ಬೃಹನ್ಮುಂಬಯಿಯ ಜನಸಂಖ್ಯೆ 2011ರಲ್ಲಿಯೇ 1 ಕೋಟಿ 24 ಲಕ್ಷ. ಅಂದರೆ 124 ವಸತಿಗೃಹಗಳು. ಇರುವವು ಅದರ ಹತ್ತಿರಕ್ಕೂ ಬರುವುದಿಲ್ಲ. ಇರುವವುಗಳಲ್ಲಿಯೂ ಅಮಲಿನಲ್ಲಿ ಬಂದವನನ್ನು ಒಳಗೆ ಬಿಡುವುದು ಕಷ್ಟ. ಮಕ್ಕಳೊಡನೆ ಹೆಂಗಸರು ಮಲಗುವ ಕಡೆ ಬಿಡಲೂಬಾರದು. ಅವನಿಗೆ ಬೇರೆಯದೇ ಒಂದು ಜಾಗ ಬೇಕು, ಅದು ಇಲ್ಲ. ಜಾಗವಿಲ್ಲವೆಂದು ಮಹಾನಗರಪಾಲಿಕೆ ಹೇಳುತ್ತದೆ. ಅದು ಅರ್ಧ ನಿಜ. ಜಾಗ ಸಿಕ್ಕಿದ ಕಡೆ ನೆರೆಹೊರೆಯ ಕಟ್ಟಡದವರು ಬೇಡವೆನ್ನುತ್ತಾರೆ ಎಂಬುದು ಉಳಿದರ್ಧ.

ಈ ಮಾತನ್ನು ಕನ್ನಡಿಗರ ಪತ್ರಿಕೆಯಲ್ಲಿ ಏಕೆ ಎತ್ತಬೇಕೆಂದು ಯಾರಾದರೂ ಕೇಳಿದರೆ ಉತ್ತರವಿದೆ. ಹತ್ತು ಹನ್ನೆರಡು ವಯಸ್ಸಿಗೆ ಊರು ಬಿಟ್ಟು ಬಂದ ಹುಡುಗರ ಚರಿತ್ರೆ ನಮ್ಮದು. ಅವರು ಹೋಟೆಲಿನ ಮೇಜುಗಳನ್ನು ಜೋಡಿಸಿ ಅದರ ಮೇಲೆ ಮಲಗಿದರು, ಫೋರ್ಟಿನ ಕನ್ನಡ ರಾತ್ರಿ ಶಾಲೆಗಳಲ್ಲಿ ತೂಕಡಿಸುತ್ತ ಓದಿದರು, ಕೆಲವರು ವಕೀಲರಾದರು, ಕೆಲವರು ಅದೇ ಹೋಟೆಲಿನ ಮಾಲಿಕರಾದರು. ಅವರ ದುಡಿಮೆ ದೊಡ್ಡದು. ಆದರೆ ಸ್ಟೇಷನ್ನಿನಲ್ಲಿ ಇಳಿದ ಹುಡುಗನ ಜೇಬಿನಲ್ಲಿ ಒಂದು ಚೀಟಿ ಇತ್ತು, ಅದರಲ್ಲಿ ಊರಿನ ಕಡೆಯ ಒಬ್ಬರ ಹೆಸರಿತ್ತು. ಆ ಚೀಟಿ ಕಳೆದುಹೋಗಿದ್ದರೆ ಏನಾಗುತ್ತಿತ್ತೆಂದು ಎಷ್ಟೋ ಹಿರಿಯರು ತಾವೇ ಹೇಳುತ್ತಾರೆ. ಇಂದು ಕಲಬುರಗಿ ಯಾದಗಿರಿಗಳ ಕಡೆಯಿಂದ ಬಂದು ಮುಂಬಯಿ ಪುಣೆಗಳಲ್ಲಿ ಕಟ್ಟಡ ಕಟ್ಟುವ ಕುಟುಂಬಗಳ ಹತ್ತಿರ ಅಂಥ ಚೀಟಿ ಇರುವುದಿಲ್ಲ. ಕಟ್ಟಡ ಮುಗಿದ ದಿನ ಅವರ ತಗಡಿನ ಸೂರು ಕಿತ್ತುಹೋಗುತ್ತದೆ. ಆ ಮಕ್ಕಳು ಫುಟ್‌ಪಾತಿನಲ್ಲಿ ಮಾತಾಡುವುದು ಕನ್ನಡದಲ್ಲಿ.

ಈ ವರ್ಷವೂ ಸೊಸಾಯಿಟಿಗಳ ವಾರ್ಷಿಕ ಸಭೆಗಳು ನಡೆಯುತ್ತವೆ. ನೀರು, ಲಿಫ್ಟು, ಪಾರ್ಕಿಂಗು ಮುಗಿದ ಮೇಲೆ ಫ್ಲೈಓವರಿನ ಕೆಳಗಿನವರ ವಿಷಯ ಬರುತ್ತದೆ, ಠರಾವು ಆಗುತ್ತದೆ. ಠಾಣೆಗೆ ಅರ್ಜಿ ಹೋಗಲಿ, ಕಳವಾಗಿದ್ದರೆ ಹೋಗಲೇಬೇಕು. ಜೊತೆಗೆ ವಾರ್ಡ್ ಆಫೀಸಿಗೂ ಒಂದು ಅರ್ಜಿ ಬೇಕು: ಒಂದು ಲಕ್ಷ ಜನಕ್ಕೊಂದರಂತೆ ನಮ್ಮ ವಾರ್ಡಿನ ಪಾಲಿಗೆ ಎಷ್ಟು ವಸತಿಗೃಹ ಬರಬೇಕು, ಎಷ್ಟು ಬಂದಿವೆ, ಎಲ್ಲಿ ಕಟ್ಟುತ್ತೀರಿ? ಪಾಲಿಕೆಯ ಮುಚ್ಚಿದ ಶಾಲೆಯ ಕಟ್ಟಡವೊಂದನ್ನು ಅವರು ತೋರಿಸಿದರೆ, ಅದು ನಮ್ಮ ಗೇಟಿನಿಂದ ಇನ್ನೂರು ಹೆಜ್ಜೆ ದೂರದಲ್ಲಿದ್ದರೆ, ಆಗ ಮತ್ತೊಂದು ವಿಶೇಷ ಸಭೆ ಕರೆಯಬೇಕಾಗುತ್ತದೆ. ಆ ಸಭೆಗೆ ಕೋರಮ್ ಖಂಡಿತ ಸಿಗುತ್ತದೆ.